ಬೆಲೆಬಾಳುವ ಮರಗಳನ್ನು ಮಾರದೆ ಯಾಕೆ ಸುಡುತ್ತಾರೆ?

ಭೂಗೋಳ_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈಗ ಉಷ್ಣವಲಯದ ಮಳೆಕಾಡುಗಳ ಪಾಠ ನಡೆಯುತ್ತಿದೆ. ಪುಸ್ತಕದಲ್ಲಿ ಅರಣ್ಯನಾಶಕ್ಕೆ ಕಾರಣಗಳು ಅಂತ ಒಂದು ಪಟ್ಟಿ ಇದೆ: ಕೃಷಿ, ಗಣಿ, ಮರಮುಟ್ಟು, ರಸ್ತೆ, ಜನಸಂಖ್ಯೆ. ಪರಿಣಾಮಗಳು ಅಂತ ಇನ್ನೊಂದು ಪಟ್ಟಿ: ಮಣ್ಣು ಕೊಚ್ಚಿಹೋಗುವುದು, ಮಳೆ ಕಡಿಮೆಯಾಗುವುದು, ಪ್ರಾಣಿಪಕ್ಷಿಗಳ ನಾಶ, ಬಿಸಿ ಏರುವುದು. ಮಕ್ಕಳು ಎರಡನ್ನೂ ಬಾಯಿಪಾಠ ಮಾಡಿ ಗಡಗಡ ಒಪ್ಪಿಸುತ್ತಾರೆ. ಈ ಪಟ್ಟಿಗೂ ಆ ಪಟ್ಟಿಗೂ ಏನು ಸಂಬಂಧ ಅಂತ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೊನ್ನೆ ಅಮೆಜಾನ್ ಕಾಡು ಉರಿಯುವ ಚಿತ್ರ ತೋರಿಸಿದೆ. ಒಬ್ಬಳು ಹುಡುಗಿ ಎದ್ದು ಕೇಳಿದಳು: "ಮಿಸ್, ಅಷ್ಟು ದೊಡ್ಡ ಮರಗಳಿಗೆ ಒಳ್ಳೇ ಬೆಲೆ ಇರುತ್ತೆ ಅಲ್ವಾ? ಮಾರೋದು ಬಿಟ್ಟು ಯಾಕೆ ಸುಡ್ತಾರೆ?" ಹಿಂದಿನ ಬೆಂಚಿನ ಹುಡುಗ ಇನ್ನೊಂದು ಕೇಳಿದ: "ಮರ ಹೋದ ಮೇಲೆ ಅಲ್ಲಿ ಹುಲ್ಲು ಬರುತ್ತಲ್ಲ ಮಿಸ್, ಅದೂ ಹಸಿರೇ ತಾನೆ?"

ಎರಡಕ್ಕೂ ಸರಿಯಾದ ಉತ್ತರ ಕೊಡಬೇಕು ಅಂತ ನನಗೆ ಆಸೆ. ಜೊತೆಗೆ ನನ್ನದೇ ಒಂದು ಅನುಮಾನ: ಜಗತ್ತಿನ ಶೇ. 20ರಷ್ಟು ಆಮ್ಲಜನಕ ಅಮೆಜಾನ್‌ನಿಂದ ಬರುತ್ತದೆ ಅಂತ ಎಲ್ಲೆಲ್ಲೂ ಬರೆದಿರುತ್ತಾರೆ. ಅದು ನಿಜವಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಉಪಗ್ರಹ_ನೋಟ ಉತ್ತರ:

ನಮಸ್ಕಾರ ಮೇಡಂ. ಉಪಗ್ರಹ ಚಿತ್ರ ನೋಡುವುದೇ ನನ್ನ ಕೆಲಸ. ಹೋದ ವರ್ಷ ಕಾಡಿದ್ದ ಜಾಗದಲ್ಲಿ ಈ ವರ್ಷ ಏನಿದೆ ಅಂತ ಗುರುತು ಹಾಕುತ್ತಾ ಕೂರುತ್ತೇನೆ. ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಅವಳ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಎರಡೂ ಪಟ್ಟಿಗಳ ಗಂಟು ಬಿಚ್ಚಿಕೊಳ್ಳುತ್ತದೆ.

ಅಮೆಜಾನ್‌ನಲ್ಲಿ ಕಾಡು ಬೀಳುವುದು ಹೆಚ್ಚಾಗಿ ಮರದ ಆಸೆಗಲ್ಲ. ನೆಲದ ಆಸೆಗೆ.

ಅದು ನಡೆಯುವ ಕ್ರಮ ಹೀಗಿದೆ. ಮೊದಲು ಬರುವುದು ರಸ್ತೆ. ಬ್ರೆಜಿಲ್‌ನ ಸೇನಾ ಸರ್ಕಾರ 1970ರ ದಶಕದಲ್ಲಿ ಕಾಡಿನ ಮಧ್ಯೆ ಟ್ರಾನ್ಸ್ ಅಮೆಜಾನ್ ಹೆದ್ದಾರಿ ಹಾಕಿಸಿತು. 1980ರ ದಶಕದಲ್ಲಿ ರೊಂಡೋನಿಯಾ ರಾಜ್ಯದ ಬಿಆರ್-364 ಹೆದ್ದಾರಿಗೆ ಡಾಂಬರು ಬಿತ್ತು. ಹೆದ್ದಾರಿಯಿಂದ ಎರಡೂ ಕಡೆ ಅಡ್ಡರಸ್ತೆಗಳು ಹೊರಟವು, ಅವುಗಳಿಂದ ಮತ್ತೆ ಕವಲುಗಳು. ಮೇಲಿನಿಂದ ನೋಡಿದರೆ ಮೀನಿನ ಮುಳ್ಳಿನ ಹಾಗೇ ಕಾಣುತ್ತದೆ. ನಮ್ಮ ಕಸುಬಿನವರು ಅದನ್ನು ಕರೆಯುವುದೂ ಹಾಗೆಯೇ. 2014ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಮೆಜಾನ್‌ನ ಅರಣ್ಯನಾಶದಲ್ಲಿ ಸುಮಾರು ಶೇ. 95ರಷ್ಟು ಆಗಿರುವುದು ರಸ್ತೆಯಿಂದ 5.5 ಕಿ.ಮೀ. ಅಥವಾ ದೋಣಿ ಓಡಾಡುವ ನದಿಯಿಂದ 1 ಕಿ.ಮೀ. ಒಳಗೆ. ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಮುಂದೆ ಕಾಡು ಎಲ್ಲಿ ಬೀಳುತ್ತದೆ ಅಂತಲೂ ಹೆಚ್ಚುಕಡಿಮೆ ಹೇಳಬಹುದು.

ರಸ್ತೆ ಹಿಡಿದು ಮರಗಳ್ಳರು ಬರುತ್ತಾರೆ. ಮಳೆಕಾಡಿನ ಒಂದೇ ಹೆಕ್ಟೇರಿನಲ್ಲಿ, ಅಂದರೆ ಸುಮಾರು ಎರಡೂವರೆ ಎಕರೆಯಲ್ಲಿ, ನೂರಕ್ಕೂ ಜಾಸ್ತಿ ಜಾತಿಯ ಮರಗಳಿರಬಹುದು. ಅದರಲ್ಲಿ ಮಾರುಕಟ್ಟೆ ಇರುವುದು ಮಹಾಗನಿ, ಇಪೇ ತರಹದ ಕೆಲವಕ್ಕೆ ಮಾತ್ರ. ಅಂಥ ಮರಗಳೂ ಅಲ್ಲೊಂದು ಇಲ್ಲೊಂದು. ಅವನ್ನು ಆರಿಸಿ ಸಾಗಿಸುತ್ತಾರೆ. ಉಳಿದ ಮರಗಳನ್ನು ಅಷ್ಟು ದೂರದಿಂದ ಸಾಗಿಸುವ ಖರ್ಚೇ ಹುಟ್ಟುವುದಿಲ್ಲ. ನಿಮ್ಮ ವಿದ್ಯಾರ್ಥಿನಿ ನೋಡಿದ ಬೆಂಕಿಯಲ್ಲಿ ಉರಿಯುತ್ತಿದ್ದದ್ದು ಹೀಗೆ ಉಳಿದ ಮರಗಳು.

ಮಳೆ ಕಡಿಮೆಯಾದ ತಿಂಗಳುಗಳಲ್ಲಿ ಮೊದಲು ಕೆಳಗಿನ ಪೊದೆ, ಬಳ್ಳಿ ಸವರುತ್ತಾರೆ. ಆಮೇಲೆ ದೊಡ್ಡ ಮರಗಳಿಗೆ ಗರಗಸ. ಕಾಡು ಮೊದಲೇ ತೆಳ್ಳಗಾಗಿದ್ದರೆ ಎರಡು ಟ್ರಾಕ್ಟರುಗಳ ಮಧ್ಯೆ ದಪ್ಪ ಸರಪಳಿ ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ಅಡ್ಡ ಬಂದದ್ದೆಲ್ಲ ಬೇರುಸಹಿತ ಮಲಗುತ್ತದೆ. ಬಿದ್ದದ್ದನ್ನು ವಾರಗಟ್ಟಲೆ ಒಣಗಲು ಬಿಡುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಬಂದರೆ ಬೆಂಕಿ ಇಡುತ್ತಾರೆ. ನನ್ನ ಪರದೆಯ ಮೇಲೆ ಇದು ಮೂರು ಚಿತ್ರಗಳಾಗಿ ಕಾಣುತ್ತದೆ: ಕಡುಹಸಿರಿನ ಮಧ್ಯೆ ಅಂಚು ಕತ್ತರಿಸಿದಂಥ ಕಂದು ಚೌಕ, ಮುಂದಿನ ಚಿತ್ರದಲ್ಲಿ ಹೊಗೆ, ಮಳೆ ಬಿದ್ದ ಮೇಲೆ ತೆಳು ಹಸಿರು. ಆ ತೆಳು ಹಸಿರೇ ನಿಮ್ಮ ಹುಡುಗ ಹೇಳಿದ ಹುಲ್ಲು. ಬ್ರಾಕಿಯಾರಿಯಾ ಅಂತ ಆಫ್ರಿಕಾ ಮೂಲದ ಮೇವಿನ ಹುಲ್ಲು, ಬೇಕಂತಲೇ ಬಿತ್ತಿದ್ದು.

ಹುಲ್ಲಿನ ಮೇಲೆ ದನ ಬಿಡುತ್ತಾರೆ. ಬ್ರೆಜಿಲ್‌ನ ಅಮೆಜಾನ್‌ನಲ್ಲಿ ಕಡಿದ ನೆಲದ ಬಹುಪಾಲು ದನದ ಹುಲ್ಲುಗಾವಲೇ ಆಗಿದೆ. ಆದರೆ ಲೆಕ್ಕ ಹಾಕಿದರೆ ಒಂದು ಹೆಕ್ಟೇರಿಗೆ ಹೆಚ್ಚುಕಡಿಮೆ ಒಂದೇ ದನ. ಇಷ್ಟೊಂದು ಕಾಡು ಕಡಿದು ಇಷ್ಟು ಕಡಿಮೆ ದನ ಯಾಕೆ ಸಾಕುತ್ತಾರೆ? ಯಾಕೆಂದರೆ ಎಷ್ಟೋ ಕಡೆ ಅದು ಯಾರಿಗೂ ಹಂಚಿಕೆಯಾಗದ ಸರ್ಕಾರಿ ಕಾಡು. ಕಡಿದು, ಬೇಲಿ ಹಾಕಿ, ದನ ಬಿಟ್ಟರೆ 'ಇಲ್ಲಿ ನನ್ನ ಸ್ವಾಧೀನ ಇದೆ' ಅಂತ ತೋರಿಸಿದ ಹಾಗೆ. ದನ ಅಲ್ಲಿ ನಿಂತಿರುವುದೇ ಸಾಕ್ಷಿ. ಮುಂದೆ ಯಾವತ್ತೋ ಒಂದು ದಿನ ಒತ್ತುವರಿ ಸಕ್ರಮ ಆಗುತ್ತದೆ ಅನ್ನುವ ನಂಬಿಕೆ. ಅದು ಸುಳ್ಳು ನಂಬಿಕೆಯೂ ಅಲ್ಲ. 2009ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಅಲ್ಲಿ ಕಾನೂನು ತಂದು ಹಳೆಯ ಒತ್ತುವರಿಗಳಿಗೆ ಹಕ್ಕುಪತ್ರದ ದಾರಿ ಮಾಡಿಕೊಟ್ಟರು. ಕಾಡಿರುವ ನೆಲಕ್ಕಿಂತ ಬೋಳು ನೆಲಕ್ಕೇ ಬೆಲೆ ಜಾಸ್ತಿ. ಮೊದಲು ಕಡಿದವನು ಮಾರಿ ಇನ್ನೂ ಒಳಗೆ ಹೋಗುತ್ತಾನೆ. ಕೊಂಡವನು ಸೋಯಾ ಹಾಕುತ್ತಾನೆ. ನಿಮ್ಮ ಪಟ್ಟಿಯಲ್ಲಿ ರಸ್ತೆ, ಮರಮುಟ್ಟು, ಕೃಷಿ ಬೇರೆ ಬೇರೆ ಸಾಲಿನಲ್ಲಿವೆ. ನೆಲದ ಮೇಲೆ ಅವು ಒಂದರ ಹಿಂದೆ ಒಂದು ಬರುತ್ತವೆ.

ಇದಕ್ಕೆ ಅಡ್ಡ ನಿಂತವರನ್ನು ಕೊಂದೂ ಇದ್ದಾರೆ. ಶಿಕೋ ಮೆಂಡಿಸ್ ಒಬ್ಬ ರಬ್ಬರ್ ಹಾಲು ಇಳಿಸುವ ಕೂಲಿಗಾರ. ಗರಗಸ ಹಿಡಿದು ಬಂದವರ ಮುಂದೆ ಊರಿನವರನ್ನು ಕರೆದುಕೊಂಡು ಹೋಗಿ ನಿಲ್ಲುತ್ತಿದ್ದರು. 1988ರ ಡಿಸೆಂಬರ್ 22ರಂದು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಮಕ್ಕಳಿಗೆ ಈ ಹೆಸರು ಹೇಳಿ ಮೇಡಂ. ಪಟ್ಟಿ ಮರೆತರೂ ಇದನ್ನು ಮರೆಯುವುದಿಲ್ಲ.

ಎಲ್ಲ ಕಡೆ ಇದೇ ಕಥೆ ಅಲ್ಲ. ಆಫ್ರಿಕಾದ ಕಾಂಗೋ ಕಣಿವೆಯಲ್ಲಿ ಹೆಚ್ಚಿನ ನಾಶ ಸಣ್ಣ ಸಣ್ಣ ಹೊಲಗಳಿಂದ ಮತ್ತು ಒಲೆಗೆ ಬೇಕಾದ ಇದ್ದಿಲಿನಿಂದ. ಅಲ್ಲಿ ಜನಸಂಖ್ಯೆ ಅನ್ನುವ ಕಾರಣ ಸರಿಹೊಂದುತ್ತದೆ. ಇಂಡೋನೇಷ್ಯಾ, ಮಲೇಷ್ಯಾದಲ್ಲಿ ದೊಡ್ಡ ಕಂಪನಿಗಳ ತಾಳೆ ಎಣ್ಣೆ ತೋಟಗಳು. ಇಂಡೋನೇಷ್ಯಾದಲ್ಲಿ ಕಾಗದದ ತಿರುಳಿಗೆ ಬೆಳೆಸುವ ನೆಡುತೋಪುಗಳೂ ಸೇರುತ್ತವೆ.

ಇನ್ನು ಆಮ್ಲಜನಕ. ಶೇ. 20 ಅನ್ನುವುದನ್ನು ಧೈರ್ಯವಾಗಿ ಹೊಡೆದುಹಾಕಿ. ಕಾಡು ಆಮ್ಲಜನಕ ಮಾಡುವುದು ನಿಜ. ಆದರೆ ಮರಗಳೇ ಉಸಿರಾಡುತ್ತವೆ, ಉದುರಿದ ಎಲೆಯನ್ನು ಕೊಳೆಸುವ ಶಿಲೀಂಧ್ರ, ಹುಳು, ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ. ಮಾಡಿದ್ದೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ಖರ್ಚಾಗಿಹೋಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಕೋಟ್ಯಂತರ ವರ್ಷಗಳಿಂದ ಕೂಡಿಟ್ಟದ್ದು. ಕಾಡು ಹೋದರೆ ನಮಗೆ ಉಸಿರು ಕಟ್ಟುವುದಿಲ್ಲ, ಮಳೆ ತಪ್ಪುತ್ತದೆ.

ಹುಲ್ಲೂ ಹಸಿರೇ ತಾನೆ ಅಂದನಲ್ಲ ಆ ಹುಡುಗ, ಅವನಿಗೆ ಉತ್ತರ ಇರುವುದೂ ಇಲ್ಲಿಯೇ. ಪೂರ್ವ ಅಮೆಜಾನ್‌ನಲ್ಲಿ ಬಾವಿ ತೋಡಿ ನೋಡಿದವರಿಗೆ ಮರದ ಬೇರುಗಳು 8 ಮೀಟರಿಗಿಂತಲೂ ಆಳದಲ್ಲಿ ಸಿಕ್ಕಿವೆ. ಮಳೆಯಿಲ್ಲದ ತಿಂಗಳುಗಳಲ್ಲೂ ಮರ ಅಲ್ಲಿಂದ ನೀರೆತ್ತಿ ಎಲೆಯಿಂದ ಆವಿ ಬಿಡುತ್ತಲೇ ಇರುತ್ತದೆ. ಒಂದು ದೊಡ್ಡ ಮರ ದಿನಕ್ಕೆ ನೂರಾರು ಲೀಟರ್ ಬಿಡಬಲ್ಲದು. ಹುಲ್ಲಿನ ಬೇರು ಮೇಲುಮೇಲಿನದು, ಎಲೆಯೂ ಕಡಿಮೆ. ಮಣ್ಣು ಒಣಗಿತು ಅಂದರೆ ಹುಲ್ಲಿನ ಕೆಲಸ ನಿಂತಿತು. ಅಟ್ಲಾಂಟಿಕ್ ಸಮುದ್ರದಿಂದ ಬರುವ ತೇವದ ಗಾಳಿ ಪೂರ್ವದಲ್ಲಿ ಮಳೆ ಸುರಿಸುತ್ತದೆ. ಕಾಡು ಅದರಲ್ಲಿ ಒಂದು ಪಾಲನ್ನು ಮತ್ತೆ ಆವಿ ಮಾಡಿ ಮೇಲಕ್ಕೆ ಕಳಿಸುತ್ತದೆ. ಇನ್ನಷ್ಟು ಪಶ್ಚಿಮಕ್ಕೆ ಹೋಗಿ ಅದು ಮತ್ತೆ ಮಳೆ. ಹೀಗೆ ಒಂದೇ ನೀರು ಹಲವು ಸಲ ಬಿದ್ದು ಏಳುತ್ತಾ ಆಂಡೀಸ್ ಬೆಟ್ಟದ ತನಕ ಹೋಗುತ್ತದೆ. ಎನಿಯಾಸ್ ಸಲಾಟಿ ಎಂಬ ಬ್ರೆಜಿಲ್‌ನ ವಿಜ್ಞಾನಿ 1970ರ ದಶಕದಲ್ಲಿ ಮಳೆನೀರಿನಲ್ಲಿರುವ ಒಂದೇ ಧಾತುವಿನ ಹಗುರ, ಭಾರ ಪರಮಾಣುಗಳನ್ನು, ಅಂದರೆ ಐಸೊಟೋಪ್‌ಗಳನ್ನು ಅಳೆದು, ಅಮೆಜಾನ್‌ನ ಮಳೆಯಲ್ಲಿ ಸುಮಾರು ಅರ್ಧ ಆ ಕಾಡೇ ಮರಳಿ ಕೊಟ್ಟದ್ದು ಅಂತ ತೋರಿಸಿದರು. ಆಂಡೀಸ್‌ಗೆ ತಡೆದ ಗಾಳಿ ದಕ್ಷಿಣಕ್ಕೆ ತಿರುಗುತ್ತದೆ. ಬ್ರೆಜಿಲ್‌ನ ದಕ್ಷಿಣ ಭಾಗ, ಪರಾಗ್ವೆ, ಅರ್ಜೆಂಟೀನಾದ ಉತ್ತರ ಭಾಗ, ಎಲ್ಲಕ್ಕೂ ಆ ತೇವ ಬೇಕು. ಸೋಯಾ ಬೆಳೆಯುವ ನಾಡುಗಳೇ ಅವು. ನನಗೆ ತುಂಬಾ ನೋವು ಕೊಡುವ ಸಂಗತಿ ಇದು: ಬೆಳೆಗಾಗಿ ಕಾಡು ಕಡಿದು ಅದೇ ಬೆಳೆಯ ಮಳೆಗೆ ಕೊಡಲಿ ಹಾಕುತ್ತಿದ್ದಾರೆ. ದಕ್ಷಿಣ ಅಮೆಜಾನ್‌ನಲ್ಲಿ ಹೆಚ್ಚು ಕಾಡು ಹೋದ ಕಡೆ ಮಳೆಗಾಲ ತಡವಾಗಿ ಶುರುವಾಗುತ್ತಿರುವುದು ಈಗಾಗಲೇ ದಾಖಲಾಗಿದೆ.

ಮಣ್ಣು_ಬೇರು ಉತ್ತರ:

ಉಪಗ್ರಹ_ನೋಟ ಅವರು ಮೇಲಿಂದ ನೋಡಿ ಹೇಳಿದ್ದಾರೆ, ನಾನು ಕೆಳಗಿನದು ಸೇರಿಸುತ್ತೇನೆ. ನಾನು ಓದಿದ್ದು ಮಣ್ಣು ವಿಜ್ಞಾನ.

ಅಷ್ಟು ದಟ್ಟ ಕಾಡು ಬೆಳೆದಿದೆ ಅಂದರೆ ಮಣ್ಣು ಬಹಳ ಫಲವತ್ತು ಇರಬೇಕು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಬಹುಪಾಲು ಮಳೆಕಾಡಿನ ಮಣ್ಣು ಬಡ ಮಣ್ಣು. ಲಕ್ಷಾಂತರ ವರ್ಷಗಳ ಮಳೆ ಅದರ ಸಾರವನ್ನೆಲ್ಲ ತೊಳೆದುಬಿಟ್ಟಿದೆ. ಉಳಿದಿರುವ ಪೋಷಕಾಂಶ ಇರುವುದು ಮರದ ಮೈಯಲ್ಲಿ ಮತ್ತು ಮೇಲಿನ ತೆಳು ತರಗೆಲೆಯ ಪದರದಲ್ಲಿ. ಎಲೆ ಬಿದ್ದು ಕೊಳೆಯುತ್ತಿದ್ದ ಹಾಗೇ ಸಣ್ಣ ಬೇರುಗಳು, ಅವಕ್ಕೆ ಅಂಟಿಕೊಂಡ ಶಿಲೀಂಧ್ರಗಳು ಅದನ್ನು ಎತ್ತಿಕೊಂಡುಬಿಡುತ್ತವೆ. ಸುಟ್ಟಾಗ ಆ ಸಾರವೆಲ್ಲ ಬೂದಿಯಾಗಿ ಒಮ್ಮೆಲೇ ನೆಲಕ್ಕೆ ಬೀಳುತ್ತದೆ. ಒಂದೆರಡು ವರ್ಷ ಬೆಳೆ ಚೆನ್ನಾಗಿ ಬರುತ್ತದೆ. ಆಮೇಲೆ ಮಳೆ ಬೂದಿಯನ್ನು ತೊಳೆಯುತ್ತದೆ, ದನದ ಗೊರಸು ನೆಲವನ್ನು ಗಟ್ಟಿ ಮಾಡುತ್ತದೆ, ಹುಲ್ಲು ಬಡವಾಗುತ್ತದೆ. ಪಕ್ಕದ ಕಾಡಿಗೆ ಮತ್ತೆ ಗರಗಸ.

ಇದಕ್ಕಿಂತ ಭಯಂಕರವಾದದ್ದು ಪೀಟ್ ನೆಲದ ಕಥೆ. ನೀರು ನಿಂತ ಜೌಗುಕಾಡಿನಲ್ಲಿ ಬಿದ್ದ ಎಲೆ, ಕೊಂಬೆ ಪೂರ್ತಿ ಕೊಳೆಯುವುದಿಲ್ಲ. ಸಾವಿರಾರು ವರ್ಷ ಪದರ ಪದರವಾಗಿ ಕೂರುತ್ತದೆ, ಕೆಲವು ಕಡೆ ಹತ್ತು ಮೀಟರ್ ದಪ್ಪ. ಅದರ ತುಂಬ ಇಂಗಾಲ, ಸುಟ್ಟರೆ ಗಾಳಿಗೆ ಸೇರಿ ಭೂಮಿಯ ಬಿಸಿ ಏರಿಸುವಂಥದ್ದು. 1996ರಲ್ಲಿ ಇಂಡೋನೇಷ್ಯಾದ ಸುಹಾರ್ತೊ ಸರ್ಕಾರ ಬೋರ್ನಿಯೋದ ಮಧ್ಯ ಕಾಲಿಮಂತಾನ್‌ನಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಇಂಥ ಜೌಗುಕಾಡನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿ ನೀರು ಬಸಿದರು. ಹುಳಿ ಮಣ್ಣಿನಲ್ಲಿ ಭತ್ತ ಬರಲೇ ಇಲ್ಲ. ಒಣಗಿದ ಪೀಟ್ ಮಾತ್ರ ಉರುವಲಾಯಿತು. 1997ರಲ್ಲಿ ಎಲ್ ನಿನೋದಿಂದ, ಅಂದರೆ ಪೆಸಿಫಿಕ್ ಸಮುದ್ರ ಬಿಸಿಯಾಗಿ ಆ ಕಡೆ ಮಳೆ ತಪ್ಪಿಸುವ ವಿದ್ಯಮಾನದಿಂದ, ಬರ ಬಂದಾಗ ಬೆಂಕಿ ನೆಲದ ಒಳಗೇ ಹರಿಯಿತು. ಮೇಲೆ ನೀರು ಹಾಕಿದರೆ ಆರುವ ಬೆಂಕಿಯಲ್ಲ ಅದು, ಒಳಗೊಳಗೇ ಹೊಗೆಯಾಡುತ್ತಾ ವಾರಗಟ್ಟಲೆ ಇರುತ್ತದೆ. ಯೋಜನೆ ಕೈಬಿಟ್ಟರು. ಕಾಲುವೆಗಳು ಉಳಿದವು. ಬೆಂಕಿಯೂ ಮತ್ತೆ ಮತ್ತೆ ಬಂತು. 2015ರಲ್ಲಿ ಇಂಡೋನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟಿತು. ವಿಶ್ವಬ್ಯಾಂಕ್ ಅಂದಾಜು ಮಾಡಿದ ನಷ್ಟ 1,600 ಕೋಟಿ ಡಾಲರ್. ಆ ಹೊಗೆ ಸಿಂಗಪುರ, ಮಲೇಷ್ಯಾದ ಶಾಲೆಗಳನ್ನು ಮುಚ್ಚಿಸಿತು.

ಹಸಿರೆಲೆ_ಕುಡಿ ಉತ್ತರ:

ಇಷ್ಟೆಲ್ಲ ಓದಿ ಸಿಟ್ಟು ಬರುತ್ತಿದೆ. ಹಾಗಾದರೆ ತಾಳೆ ಎಣ್ಣೆ ಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರೆ ಆಯಿತಲ್ವಾ? ಸುಮ್ನೆ ಚರ್ಚೆ ಯಾಕೆ?

ಉಪಗ್ರಹ_ನೋಟ ಉತ್ತರ:

ಸಿಟ್ಟು ನ್ಯಾಯವಾದದ್ದೇ. ಆದರೆ ಒಂದು ಹೆಕ್ಟೇರ್ ತಾಳೆ ತೋಟ ಕೊಡುವಷ್ಟು ಎಣ್ಣೆ ಬೇಕು ಅಂದರೆ ಸೋಯಾವನ್ನು ಅದರ ಹಲವು ಪಟ್ಟು ನೆಲದಲ್ಲಿ ಬೆಳೆಯಬೇಕು. ತಾಳೆ ಬಿಟ್ಟು ಸೋಯಾ ಎಣ್ಣೆ ಕೊಂಡರೆ ಬೋರ್ನಿಯೋ ತಾಪತ್ರಯ ಬ್ರೆಜಿಲ್‌ಗೆ ಹೋಗುತ್ತದೆ ಅಷ್ಟೆ. ಯಾವ ಬೆಳೆ ಅನ್ನುವುದಕ್ಕಿಂತ ಯಾವ ನೆಲದಲ್ಲಿ ಬೆಳೆದದ್ದು ಅಂತ ಕೇಳಬೇಕು. ಮೊದಲೇ ಬೋಳಾಗಿ ಹಾಳುಬಿದ್ದಿರುವ ನೆಲ ಬೇಕಾದಷ್ಟಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇದೇ ದಿಕ್ಕಿನ ಕಾನೂನು ಮಾಡಿತು: 2020ರ ಡಿಸೆಂಬರ್ 31ರ ನಂತರ ಕಡಿದ ಕಾಡಿನ ನೆಲದಲ್ಲಿ ಬೆಳೆದ ತಾಳೆ, ಸೋಯಾ, ಕೋಕೋ, ಕಾಫಿ, ರಬ್ಬರ್, ಮರಮುಟ್ಟು, ದನದ ಮಾಂಸ ಇವುಗಳನ್ನು ಅಲ್ಲಿ ಮಾರುವಂತಿಲ್ಲ ಅಂತ. ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದ್ದಾರೆ, ಅದು ಬೇಸರದ ವಿಷಯ.

ಭೂಗೋಳ_ಟೀಚರ್ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಪಟ್ಟಿಯನ್ನು ಬೋರ್ಡಿನ ಮೇಲೆ ಬಾಣ ಹಾಕಿ ಜೋಡಿಸಬಹುದು ಅಂತ ಈಗ ಅನಿಸುತ್ತಿದೆ. ಇನ್ನೆರಡು ಕೇಳಲಾ? ಬ್ರೆಜಿಲ್‌ನ ಅರಣ್ಯ ಕಾಯಿದೆ ಪ್ರಕಾರ ಅಮೆಜಾನ್‌ನ ಕಾಡುಪ್ರದೇಶದಲ್ಲಿ ಜಮೀನಿರುವವರು ಶೇ. 80ರಷ್ಟು ಕಾಡು ಉಳಿಸಬೇಕು ಅಂತ ಓದಿದೆ. ಅಲ್ಲಲ್ಲಿ ತುಂಡು ತುಂಡಾಗಿ ಉಳಿದರೂ ಸಾಕಲ್ವಾ? ಇನ್ನೊಂದು, ಇದು ನಿಲ್ಲುವ ದಾರಿ ಇದೆಯಾ? ಬರೀ ಹೆದರಿಸಿ ಪಾಠ ಮುಗಿಸಲು ನನಗೆ ಮನಸ್ಸಿಲ್ಲ.

ಉಪಗ್ರಹ_ನೋಟ ಉತ್ತರ:

ಮೇಡಂ, ತುಂಡು ಕಾಡಿನ ಪ್ರಶ್ನೆಗೆ ಒಂದು ಅದ್ಭುತ ಪ್ರಯೋಗ ಇದೆ. 1979ರಲ್ಲಿ ಥಾಮಸ್ ಲವ್‌ಜಾಯ್ ಎಂಬ ವಿಜ್ಞಾನಿ ಬ್ರೆಜಿಲ್‌ನ ಅಮೆಜಾನ್ ಮಧ್ಯದಲ್ಲಿರುವ ಮನೌಸ್ ನಗರದ ಉತ್ತರಕ್ಕೆ ಅದನ್ನು ಶುರು ಮಾಡಿದರು. ದನದ ಫಾರಂಗಳಿಗಾಗಿ ಕಾಡು ಹೇಗಿದ್ದರೂ ಕಡಿಯಲಿದ್ದರು. ಅದರ ಮಧ್ಯೆ 1, 10, 100 ಹೆಕ್ಟೇರಿನ ತುಂಡುಗಳನ್ನು ಹಾಗೇ ಬಿಡಿಸಿದರು. ಕಡಿಯುವ ಮೊದಲೇ ಅಲ್ಲಿ ಏನೇನಿದೆ ಅಂತ ಎಣಿಸಿಟ್ಟರು. ಆ ಕಾಡಿನಲ್ಲಿ ಲಕ್ಷಗಟ್ಟಲೆ ಇರುವೆಗಳು ದಂಡು ಕಟ್ಟಿಕೊಂಡು ನೆಲದ ಮೇಲೆ ಬೇಟೆಗೆ ಹೊರಡುತ್ತವೆ. ಅವುಗಳಿಗೆ ಹೆದರಿ ಹಾರುವ ಜಿರಳೆ, ಮಿಡತೆಗಳನ್ನು ಹಿಡಿದು ತಿನ್ನುವುದಕ್ಕೆಂದೇ ಕೆಲವು ಹಕ್ಕಿಗಳು ಆ ದಂಡಿನ ಹಿಂದೆ ಸುತ್ತುತ್ತವೆ. ಇರುವೆ ದಂಡಿಗೆ ತಿರುಗಾಡಲು ದೊಡ್ಡ ಜಾಗ ಬೇಕು, ಹಕ್ಕಿಗೆ ಅಂಥ ಹಲವು ದಂಡುಗಳು ಬೇಕು. 1 ಮತ್ತು 10 ಹೆಕ್ಟೇರಿನ ತುಂಡುಗಳಿಂದ ಆ ಹಕ್ಕಿಗಳು ಬೇಗನೆ ಕಾಣೆಯಾದವು. ಅವುಗಳನ್ನು ಯಾರೂ ಬೇಟೆಯಾಡಿರಲಿಲ್ಲ, ಒಂದು ಮರವನ್ನೂ ಒಳಗೆ ಕಡಿದಿರಲಿಲ್ಲ. ಮರಗಳ ಗತಿಯೂ ಚೆನ್ನಾಗಿರಲಿಲ್ಲ. ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೆ ಬಿಸಿಗಾಳಿ ನುಗ್ಗಿ ನೆಲ ಒಣಗಿತು, ದೊಡ್ಡ ಮರಗಳು ಬಿರುಗಾಳಿಗೆ ಉರುಳಿದವು, ನಿಂತಲ್ಲೇ ಸತ್ತವು. ಸಣ್ಣ ತುಂಡಿನಲ್ಲಿ ನಟ್ಟನಡುವಿನ ತನಕ ಅಂಚೇ ಅಂಚು.

ಆ ಒಣ ಅಂಚಿಗೇ ಪಕ್ಕದ ಹುಲ್ಲುಗಾವಲಿನ ಬೆಂಕಿ ದಾಟುತ್ತದೆ. ಒಮ್ಮೆ ಸುಟ್ಟ ಕಾಡಿನ ನೆರಳು ತೆಳ್ಳಗಾಗುತ್ತದೆ, ಬಿಸಿಲು ಒಳಗೆ ಬೀಳುತ್ತದೆ, ಮುಂದಿನ ಬೆಂಕಿಗೆ ಇನ್ನೂ ಸಲೀಸು. 2024ರಲ್ಲಿ ಜಗತ್ತಿನಲ್ಲಿ 67 ಲಕ್ಷ ಹೆಕ್ಟೇರ್ ಉಷ್ಣವಲಯದ ಮೂಲಕಾಡು, ಅಂದರೆ ಹಿಂದೆ ಪೂರ್ತಿ ಕಡಿಯದೆ ಉಳಿದಿದ್ದ ಕಾಡು, ಹೋಯಿತು. ಅದರಲ್ಲಿ ಅರ್ಧದಷ್ಟಕ್ಕೆ ಬೆಂಕಿಯೇ ಕಾರಣ. ಆ ವರ್ಷ ಅಮೆಜಾನ್‌ನಲ್ಲಿ ಘೋರ ಬರ, ಮನೌಸ್‌ನಲ್ಲಿ ರಿಯೊ ನೆಗ್ರೊ ನದಿ ದಾಖಲೆ ಶುರುವಾದಾಗಿನಿಂದ ಕಾಣದಷ್ಟು ಇಳಿದಿತ್ತು. ಅಮೆಜಾನ್ ಕಾಡಿನ ಶೇ. 20ರಿಂದ 25 ಹೋದರೆ ಪೂರ್ವ, ದಕ್ಷಿಣ ಮತ್ತು ಮಧ್ಯ ಭಾಗಗಳು ಮಳೆಕಾಡಾಗಿ ಉಳಿಯಲಾರವು ಅಂತ ಲವ್‌ಜಾಯ್ ಮತ್ತು ಬ್ರೆಜಿಲ್‌ನ ಹವಾಮಾನ ವಿಜ್ಞಾನಿ ಕಾರ್ಲೋಸ್ ನೋಬ್ರೆ 2018ರಲ್ಲಿ ಎಚ್ಚರಿಸಿದರು. ಈಗಾಗಲೇ ಹೋಗಿರುವುದು ಸುಮಾರು ಶೇ. 17. ವಿಮಾನದಿಂದ ಗಾಳಿಯ ಮಾದರಿ ಹಿಡಿದು ವರ್ಷಗಟ್ಟಲೆ ಅಳೆದ ವಿಜ್ಞಾನಿ ಲೂಸಿಯಾನಾ ಗ್ಯಾಟ್ಟಿ ಅವರ ತಂಡ, ಆಗ್ನೇಯ ಅಮೆಜಾನ್ ಹೀರುವುದಕ್ಕಿಂತ ಹೆಚ್ಚು ಇಂಗಾಲ ಬಿಡುತ್ತಿದೆ ಅಂತ 2021ರಲ್ಲಿ ಪ್ರಕಟಿಸಿತು.

ನಿಲ್ಲುವ ದಾರಿ? ಖಂಡಿತ ಇದೆ. ಒಮ್ಮೆ ನಿಂತಿದ್ದನ್ನು ಅಂಕಿಗಳಲ್ಲೇ ನೋಡಬಹುದು. 2004ರಲ್ಲಿ ಬ್ರೆಜಿಲ್‌ನ ಅಮೆಜಾನ್‌ನಲ್ಲಿ ಸುಮಾರು 27,700 ಚದರ ಕಿ.ಮೀ. ಕಾಡು ಹೋಗಿತ್ತು. ಆಗ ಪರಿಸರ ಸಚಿವರಾಗಿದ್ದವರು ಮರೀನಾ ಸಿಲ್ವಾ. ಶಿಕೋ ಮೆಂಡಿಸ್ ಜೊತೆ ಹೋರಾಡಿದವರು, ರಬ್ಬರ್ ಇಳಿಸುವವರ ಮನೆಯಲ್ಲೇ ಹುಟ್ಟಿ ಬೆಳೆದವರು. ಬ್ರೆಜಿಲ್‌ನ ಬಾಹ್ಯಾಕಾಶ ಸಂಸ್ಥೆಯ ಉಪಗ್ರಹ ಎಚ್ಚರಿಕೆ ನೋಡಿಕೊಂಡು ಪರಿಸರ ಪೊಲೀಸರು ಕಡಿಯುತ್ತಿರುವಾಗಲೇ ಹೋಗಿ ಹಿಡಿಯತೊಡಗಿದರು. 2006ರಲ್ಲಿ ದೊಡ್ಡ ಸೋಯಾ ವ್ಯಾಪಾರಿಗಳು ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಅಂತ ಒಪ್ಪಿದರು. 2008ರಿಂದ ನಿಯಮ ಮೀರಿದವರಿಗೆ ಕೃಷಿ ಸಾಲ ಬಂದ್. ಮೂಲನಿವಾಸಿಗಳಿಗೆ ಅವರ ಕಾಡಿನ ಹಕ್ಕು ಗುರುತಿಸಿಕೊಟ್ಟರು, ಉಪಗ್ರಹ ಚಿತ್ರದಲ್ಲಿ ಆ ಗಡಿಗಳು ಗೆರೆ ಎಳೆದ ಹಾಗೆ ಕಾಣುತ್ತವೆ, ಆಚೆ ಬೋಳು, ಈಚೆ ಕಾಡು. 2012ಕ್ಕೆ ನಾಶ ಸುಮಾರು 4,600 ಚದರ ಕಿ.ಮೀ.ಗೆ ಇಳಿಯಿತು. ಅದೇ ಹೊತ್ತಿನಲ್ಲಿ ಸೋಯಾ ಉತ್ಪಾದನೆ ಒಟ್ಟಾರೆ ಏರಿತು. ಆಮೇಲೆ ಕಾವಲು ಸಡಿಲವಾಯಿತು, 2021ಕ್ಕೆ ಮತ್ತೆ 13,000. ಮರೀನಾ ಸಿಲ್ವಾ ಮತ್ತೆ ಸಚಿವರಾದರು, 2024ಕ್ಕೆ ಸುಮಾರು 6,300. ಕಡಿದರೆ ಲಾಭವಿಲ್ಲ ಅನ್ನುವ ಹಾಗೆ ಮಾಡಿದಾಗ ಕಡಿಯುವುದು ಇಳಿಯುತ್ತದೆ. ಮಕ್ಕಳು ಈ ನಾಲ್ಕು ಅಂಕಿಗಳ ಗ್ರಾಫ್ ಬರೆಯಲಿ.

ಕಡಿದ ಜಾಗವನ್ನು ಸುಮ್ನೆ ಬಿಟ್ಟರೆ, ಹತ್ತಿರದಲ್ಲಿ ಬೀಜಕ್ಕೆ ಕಾಡಿದ್ದರೆ, ಕಾಡು ವಾಪಸ್ಸು ಬರುತ್ತದೆ. ಅಮೆರಿಕ ಖಂಡಗಳಲ್ಲೂ ಪಶ್ಚಿಮ ಆಫ್ರಿಕಾದಲ್ಲೂ ಹೀಗೆ ಮರಳಿ ಬಂದ ಕಾಡುಗಳನ್ನು ಅಳೆದ ದೊಡ್ಡ ಅಧ್ಯಯನ 2021ರಲ್ಲಿ ಬಂತು. ಮಣ್ಣು ಹತ್ತು ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ. ಕಾಡಿನ ಎತ್ತರ, ದಟ್ಟಣೆಗೆ 25ರಿಂದ 60 ವರ್ಷ. ಮೊದಲಿದ್ದ ಜಾತಿಗಳೆಲ್ಲ ಮತ್ತೆ ಕೂಡಲು, ಮರದ ತೂಕ ಮೊದಲಿನಷ್ಟಾಗಲು 120 ವರ್ಷಕ್ಕೂ ಜಾಸ್ತಿ. ಆದ್ದರಿಂದ ಮೊದಲ ಕೆಲಸ ನಿಂತಿರುವ ಕಾಡನ್ನು ಕಾಯುವುದು. ಸಸಿ ನೆಡುವುದು ಆಮೇಲಿನದು.

ಪಾಠಕ್ಕೆ ಒಂದು ಸಲಹೆ. ಅಮೆರಿಕದ ಉಪಗ್ರಹಗಳು ತೆಗೆದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಎಲ್ಲರಿಗೂ ಉಚಿತ. ರೊಂಡೋನಿಯಾದ ಅರಿಕೆಮಿಸ್ ಪಟ್ಟಣದ ಸುತ್ತಮುತ್ತಲಿನ 1985ರ ಚಿತ್ರ, 2000ದ ಚಿತ್ರ, ಈಗಿನ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿ. ಮೊದಲು ಏನು ಬಂತು, ಆಮೇಲೆ ಏನು ಬಂತು ಅಂತ ಮಕ್ಕಳೇ ಹೇಳಲಿ. ದೊಡ್ಡದಾಗಿ ಪ್ರಿಂಟ್ ಹಾಕಲು ಬೇಕಿದ್ದರೆ ಹೇಳಿ, ಮೂರನ್ನೂ ಒಂದೇ ಅಳತೆಗೆ ಕತ್ತರಿಸಿ ಕೊಡುತ್ತೇನೆ.